ಕೋಟ್ ಮಾಸ್ಟರ್ ಕಾರಿಗೆ ಅಳತೆ ತೆಗೆದದ್ದು

ಕೋಟ್ ಮಾಸ್ಟರ್ ಕೊರಳಲ್ಲಿ ಸದಾ ನೇತಾಡುವ ಟೇಪು ಎರಡನೇ ಇಂಚಿನಿಂದ ಶುರುವಾಗುತ್ತಿತ್ತು. ಅದು ಅವರ ಗುರುಗಳು ಕೊಟ್ಟ ಟೇಪು. ಗುರುಗಳು ಕೋಟಿನ ಜೊತೆಗೆ ನಾಟಕದ ಪರದೆಗಳನ್ನೂ ಹೊಲಿಯುತ್ತಿದ್ದವರಾದ್ದರಿಂದ ಅದು ಉಳಿದ ದರ್ಜಿಗಳ ಟೇಪಿನ ಎರಡರಷ್ಟು ಉದ್ದವಿತ್ತು. ಮೂವತ್ತು ವರ್ಷ ಹೆಬ್ಬೆರಳ ಕೆಳಗೆ ಸವೆದು ಸವೆದು ಅದರ ಮೊದಲ ಎರಡು ಇಂಚು ಒಂದು ದಿನ ಕಿತ್ತು ಕೈಗೇ ಬಂತು. ಮಾಸ್ಟರ್ ಆ ತುಂಡನ್ನು ಎಸೆಯಲಿಲ್ಲ, ಗುಂಡಿ ಡಬ್ಬಿಯಲ್ಲಿ ಹಾಕಿಟ್ಟರು. ಹೊಸ ಟೇಪನ್ನೂ ಕೊಳ್ಳಲಿಲ್ಲ. ಅಳೆಯುವುದು, ಬಂದದ್ದರಲ್ಲಿ ಎರಡು ಕಳೆಯುವುದು, ಪುಸ್ತಕದಲ್ಲಿ ಬರೆಯುವುದು. ಇದು ಅವರಿಗೆ ಉಸಿರಾಟದಷ್ಟು ಸಲೀಸಾಗಿಬಿಟ್ಟಿತ್ತು. “ನಮ್ಮೋರು ವಯಸ್ಸು ಹೇಳುವಾಗಲೂ ಎರಡು ಕಳೆದೇ ಹೇಳ್ತಾರೆ” ಎಂದು ಹೆಂಡತಿ ನಗುತ್ತಿದ್ದಳು.

ಆಕೆಯ ಕೆಲಸ ಊರಿನ ಆ ತುದಿಯ ದೊಡ್ಡ ಲೈಬ್ರರಿಯಲ್ಲಿ. ಹರಿದ ಪುಸ್ತಕಗಳನ್ನು ಸರಿಮಾಡುವುದು. ಆಕೆ ಅಂಟಿಸಿದ ಹಾಳೆಯನ್ನು ಬೆಳಕಿಗೆ ಹಿಡಿದರೂ ಎಲ್ಲಿ ಹರಿದಿತ್ತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅಂಥ ಕೈಯವಳು ಬೆಳಗ್ಗೆ ಒಂದೂಕಾಲು ಗಂಟೆ, ಸಂಜೆ ಒಂದೂಕಾಲು ಗಂಟೆ ಬಸ್ಸಿನ ಸರಳಿಗೆ ಜೋತುಬಿದ್ದು ಓಡಾಡುತ್ತಿದ್ದಳು. ಒಮ್ಮೊಮ್ಮೆ ಸೀಟು ಸಿಕ್ಕರೂ ಪಕ್ಕದಲ್ಲಿ ಮಗು ಎತ್ತಿಕೊಂಡವರು ಬಂದರೆ ಎದ್ದುಬಿಡುತ್ತಿದ್ದಳು. ಬಲ ಮಂಡಿ ಊದಿಕೊಂಡಿತ್ತು. ನಿವೃತ್ತಿಗೆ ಇನ್ನೂ ಎರಡು ವರ್ಷ ಬಾಕಿ. ಆ ಎರಡು ವರ್ಷವಾದರೂ ಆಕೆ ಕೂತು ಹೋಗಿ ಕೂತು ಬರಬೇಕು ಎಂದು ಮಾಸ್ಟರ್ ಪಣ ತೊಟ್ಟಿದ್ದರು. ಪೆಟ್ರೋಲಿನ ಹೊಗೆ ಆಕೆಗೆ ಆಗದು, ಹಾಗಾಗಿ ಎಲೆಕ್ಟ್ರಿಕ್ ಕಾರು.

ಕಾರು ಕೊಂಡರೆ ಸಾಕೇ? ನಿಲ್ಲಿಸುವುದೆಲ್ಲಿ? ಅವರ ಬೀದಿಯಲ್ಲಿ ಸೈಕಲ್ಲು ಒರಗಿಸಬೇಕೆಂದರೂ ಯಾರಾದರೂ ಊರಿಗೆ ಹೋಗುವವರೆಗೆ ಕಾಯಬೇಕಿತ್ತು. ಅವರು ವಾಸವಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಎರಡು ಕಂಬಗಳ ನಡುವೆ ನುಸುಳಿದರೆ ಒಳಗೆ ಒಂದು ಕೋಣೆಯಷ್ಟು ವಿಶಾಲ. ಅಲ್ಲೇ ಗೋಡೆಯ ಮೇಲೆ ಚಾರ್ಜಿಂಗ್ ಪೆಟ್ಟಿಗೆ. ಕಟ್ಟಡದವರ ಸಂಘದ ಕಾರ್ಯದರ್ಶಿ ಒಂದು ದಿನ ಮಧ್ಯಾಹ್ನ ಲಿಫ್ಟಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು: ನಾಳೆ ಸಂಜೆ ಆರು ಗಂಟೆಯೊಳಗೆ ಯಾರ ಎಲೆಕ್ಟ್ರಿಕ್ ಕಾರು ಅಲ್ಲಿ ನಿಂತು ಚಾರ್ಜ್ ಆಗುತ್ತಿರುತ್ತದೋ ಜಾಗ ಅವರದು. ಯಾರೂ ತರದಿದ್ದರೆ, ಮುಂದಿನ ವಾರ ಕಾರು ಬರಲಿರುವ ಮೂರನೇ ಮಹಡಿಯ ಡೆಂಟಿಸ್ಟ್‌ಗೆ.

ಮಾಸ್ಟರ್ ಅಂದು ಸಂಜೆಯೇ ಇಳಿದು ಕಂಬಗಳ ನಡುವೆ ಟೇಪು ಹಿಡಿದರು. ಎಪ್ಪತ್ತೆರಡು. ಎರಡು ಕಳೆದು ಎಪ್ಪತ್ತು. ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದರು.

ಮರುದಿನ ಬೆಳಗ್ಗೆ ಹೆಂಡತಿ ಕೆಲಸಕ್ಕೆ ಹೊರಡುವಾಗ ಟೇಪನ್ನು ತಾನೇ ತಂದು ಅವರ ಕೊರಳಿಗೆ ಹಾಕಿ, ಮುಖ ನೋಡಿ ಒಂದು ಥರ ನಕ್ಕಳು.

“ಏನೇ?”

“ಏನಿಲ್ಲಪ್ಪ. ಸಂಜೆ ಹೇಳ್ತೀನಿ.”

ಆಕೆ ಸಂಜೆಯವರೆಗೆ ಕಾದದ್ದೇ ತಪ್ಪಾಯಿತು.

ಎಂಟು ಗಂಟೆಗೆ ಅಂಗಡಿಯ ಬಾಗಿಲು ತೆಗೆದಾಗ ಕಾರ್ಯದರ್ಶಿಯೇ ಬಟ್ಟೆಯ ಗಂಟು ತಬ್ಬಿಕೊಂಡು ನಿಂತಿದ್ದರು. ದಪ್ಪನೆಯ, ಗಂಭೀರ ಮನುಷ್ಯ. ಅಂಚೆ ಕಚೇರಿಯಿಂದ ನಿವೃತ್ತರಾಗುತ್ತಿದ್ದರು, ಭಾನುವಾರ ಬೀಳ್ಕೊಡುಗೆ.

“ಮಾಸ್ಟರ್, ನಮ್ಮಣ್ಣ ಸಾಯೋಕೆ ಮುಂಚೆ ಕೊಟ್ಟ ಉಣ್ಣೆ ಬಟ್ಟೆ ಇದು. ಈಗ ಇಂಥದ್ದು ನೇಯೋರೇ ಇಲ್ಲ. ಹನ್ನೊಂದು ವರ್ಷ ನುಸಿಗುಳಿಗೆ ಹಾಕಿ ಕಾಪಾಡಿದೀನಿ. ಒಂದು ಕೋಟು, ಭಾನುವಾರಕ್ಕೆ.”

“ಕೊಡಿ ಸಾರ್, ಈಗಲೇ ಕತ್ತರಿಸಿಬಿಡ್ತೀನಿ. ಕೈಯುದ್ದ ಹೋದ ವರ್ಷದ್ದೇ ಇರಲಿ, ಕೈ ಬೆಳೆಯೋ ವಯಸ್ಸಲ್ಲ. ಎದೆ, ಹೊಟ್ಟೆ ಮಾತ್ರ ನೋಡೋಣ.”

ಎಡ ಹೆಬ್ಬೆರಳಿನಲ್ಲಿ ಟೇಪಿನ ತುದಿ ಒತ್ತಿ, ಸುತ್ತಿ, ಓದಿ, ಎರಡು ಕಳೆದು, ಹಳೆಯ ಪುಟ ತಿರುವಿದ ಮಾಸ್ಟರ್ ಬೆರಗಾದರು.

“ಸಾರ್! ಎರಡಿಂಚು ಇಳಿದಿದೀರಿ! ಎದೆಯಲ್ಲೂ ಎರಡು, ಹೊಟ್ಟೆಯಲ್ಲೂ ಎರಡು!”

ಕಾರ್ಯದರ್ಶಿಯ ಮುಖ ಪರದೆ ಸರಿಸಿದ ಕಿಟಕಿಯಂತಾಯಿತು. “ನಿಜ ಹೇಳ್ತಿದೀರಾ? ಹೆಂಡತಿ ನನಗೆ ಊದಿಕೊಂಡಿದೀರಿ ಅಂತಾಳೆ!”

“ಹೆಂಡತಿ ಕಣ್ಣಲ್ಲಿ ನೋಡ್ತಾರೆ. ನಾನು ಟೇಪಲ್ಲಿ ನೋಡ್ತೀನಿ.”

ಕಾರ್ಯದರ್ಶಿ ಇನ್ನು ಬೆಳಗಿನ ವಾಕಿಂಗ್ ಬೇಡ ಎಂದು ಅಲ್ಲಿಯೇ ತೀರ್ಮಾನಿಸಿ, ಪಕ್ಕದ ಬೇಕರಿಗೆ ನುಗ್ಗಿ ಎರಡು ಕೇಕು ತಿಂದರು. ದಾರಿಯಲ್ಲಿ ಸಿಕ್ಕವರಿಗೆಲ್ಲ ಎರಡು ಬೆರಳು ತೋರಿಸುತ್ತಾ ನಡೆದರು. ಮಾಸ್ಟರ್ ಬಟ್ಟೆ ಹಾಸಿ, ಗೆರೆ ಎಳೆದು, ಉದ್ದ ಕತ್ತರಿಯಲ್ಲಿ ಚರಚರನೆ ಕತ್ತರಿಸಿ, ತುಂಡುಗಳನ್ನು ಒಪ್ಪವಾಗಿ ಮಡಿಸಿಟ್ಟು, ಅಂಗಡಿಗೆ ಬೀಗ ಹಾಕಿ ಕಾರು ಕೊಳ್ಳಲು ಹೊರಟರು.

ಒಬ್ಬರೇ ಹೊರಡಲು ಕಟ್ಟಡದವರು ಬಿಟ್ಟರೆ ತಾನೆ! ಎರಡನೇ ಮಹಡಿಯ ಗಣಿತದ ಟೀಚರಮ್ಮ ಕೈಚೀಲ ಹಿಡಿದು ಗೇಟಿನಲ್ಲೇ ನಿಂತಿದ್ದರು. ನಿವೃತ್ತರಾಗಿ ಎಂಟು ವರ್ಷವಾದರೂ ಲೆಕ್ಕ ತಪ್ಪಿದ್ದು ಕಂಡರೆ ಅವರ ಬಲಗೈ ಸೀಮೆಸುಣ್ಣ ಹುಡುಕುತ್ತಿತ್ತು. “ನಿಮಗೆ ಮೋಸ ಮಾಡಿಬಿಡ್ತಾರೆ ಮಾಸ್ಟರ್. ನಾನೂ ಬರ್ತೀನಿ.” ಹಿಂದೆಯೇ ಡೆಂಟಿಸ್ಟ್ ಮೆಟ್ಟಿಲಿಳಿದು ಬಂದ. “ಇವತ್ತು ಪೇಷಂಟುಗಳಿಲ್ಲ. ನಾನೂ ನೋಡ್ತೀನಿ.”

“ಡಾಕ್ಟ್ರೇ, ನಾನು ಕಾರು ತಂದರೆ ನಿಮ್ಮ ಜಾಗ ಹೋಗುತ್ತಲ್ರೀ?”

“ಹೋದ್ರೆ ಹೋಯ್ತು. ತರದೇ ಇದ್ರೆ ಬಂತು. ಎರಡನ್ನೂ ಕಣ್ಣಾರೆ ನೋಡೋಣ ಅಂತ” ಎಂದ ಅವನು ಪ್ರಾಮಾಣಿಕವಾಗಿ.

ಶೋರೂಮಿನ ಹುಡುಗಿ ಮೊದಲು ಒಂದು ಕೆಂಪು ಕಾರು ತೋರಿಸಿದಳು. ಬೆಂಕಿಪೊಟ್ಟಣಕ್ಕೆ ಚಕ್ರ ಹಾಕಿದ ಹಾಗಿತ್ತು. “ಗಿಜಿಗುಡುವ ಊರಿಗೆ ಇದೇ ಸರಿ ಸಾರ್. ಎಲ್ಲಿ ಬೇಕಾದ್ರೂ ನುಗ್ಗುತ್ತೆ.”

ಮಾಸ್ಟರ್ ಸ್ಟೀರಿಂಗ್ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದ ಸೀಟಿನಲ್ಲಿ ಕೂತರು. ಬಲಗಾಲನ್ನು ಹೆಂಡತಿ ಚಾಚುವ ಹಾಗೆ ಸ್ವಲ್ಪ ಓರೆಯಾಗಿ ಚಾಚಿದರು. “ನೀವು ಓಡಿಸಮ್ಮ. ನಾನು ಈಗ ನನ್ನ ಹೆಂಡತಿ.”

ಹುಡುಗಿ ನಗಲಿಲ್ಲ. ಅವಳ ಅಮ್ಮನಿಗೂ ಮಂಡಿನೋವಿತ್ತು. ಗುಂಡಿ ಬಂದಲ್ಲಿ ಮೆಲ್ಲಗೆ, ಉಬ್ಬು ಬಂದಲ್ಲಿ ಇನ್ನೂ ಮೆಲ್ಲಗೆ ಓಡಿಸಿದಳು. ಆದರೂ ಪ್ರತಿ ತಿರುವಿನಲ್ಲೂ ಮಾಸ್ಟರ್ ಮಂಡಿ ಮುಂದಿನ ಹಲಗೆಗೆ ಟಣ್ ಎಂದು ಬಡಿಯಿತು. ಹಿಂದಿನ ಸೀಟಿನಲ್ಲಿ ಡೆಂಟಿಸ್ಟ್‌ನ ಎರಡು ಮಂಡಿಗಳ ನಡುವೆ ಅವನ ಗದ್ದವಿತ್ತು.

“ಇದು ಆಗಲ್ಲಮ್ಮ” ಎಂದರು ಮಾಸ್ಟರ್. “ಕಂಕುಳಲ್ಲಿ ಬಿಗಿ.”

ಮೂಲೆಯಲ್ಲಿ ಒಂದು ಹಸಿರು ಕಾರಿತ್ತು. ಗಿರಾಕಿಗಳಿಗೆ ತೋರಿಸಲೆಂದು ಇಟ್ಟುಕೊಂಡಿದ್ದದ್ದು. ಅದನ್ನೇ ಮಾರುವವರಿದ್ದರು, ಅಂದೇ ಕೊಂಡೊಯ್ಯಬಹುದಿತ್ತು. ಮಾಸ್ಟರ್ ಅದರಲ್ಲಿ ಕೂತರು. ಕಾಲು ಚಾಚಿದರು. ಇನ್ನೂ ಚಾಚಿದರು. ಕಾಲು ಎಲ್ಲಿಗೂ ತಾಗಲಿಲ್ಲ. ಸೀಟು ಬೆನ್ನನ್ನು ಹಳೆಯ ಸ್ನೇಹಿತನ ಹಾಗೆ ಬಳಸಿ ಹಿಡಿಯಿತು. ಅವರು ಕಣ್ಣು ಮುಚ್ಚಿಬಿಟ್ಟರು.

“ಒಂದು ಚಾರ್ಜಿಗೆ ಮುನ್ನೂರು ಕಿಲೋಮೀಟರ್ ಹೋಗುತ್ತೆ ಸಾರ್” ಎಂದಳು ಹುಡುಗಿ.

ಟೀಚರಮ್ಮ ಗಾಳಿಯಲ್ಲೇ ಭಾಗಾಕಾರ ಮಾಡಿದರು. “ಈ ಊರಲ್ಲಿ ಗಾಡಿಗಳು ಗಂಟೆಗೆ ಹನ್ನೊಂದು ಕಿಲೋಮೀಟರ್ ಹೋದ್ರೆ ಹೆಚ್ಚು. ಅಂದ್ರೆ ಇಪ್ಪತ್ತೇಳು ಗಂಟೆ. ಚಾರ್ಜ್ ಮುಗಿಯೋಕೆ ಮುಂಚೆ ಸೊಂಟ ಮುಗಿಯುತ್ತೆ ಮಾಸ್ಟರ್! ಸೀಟು ಚೆನ್ನಾಗಿರೋದನ್ನೇ ತಗೊಳ್ಳಿ.”

“ಅಗಲ ಎಷ್ಟು?”

“ಸಾವಿರದ ಏಳುನೂರ ಎಪ್ಪತ್ತೆಂಟು ಮಿಲಿಮೀಟರ್ ಅಂತ ಬರೆದಿದಾರೆ ಸಾರ್.”

“ಅಂದ್ರೆ ಸರಿಯಾಗಿ ಎಪ್ಪತ್ತಿಂಚು” ಎಂದರು ಟೀಚರಮ್ಮ. “ನಿಮ್ಮ ಕಂಬಗಳ ಮಧ್ಯೆ ಎಪ್ಪತ್ತು ಅಂದ್ರಲ್ಲ. ನೂಲೆಳೆಯೂ ಉಳಿಯಲ್ಲ. ಆಗಲ್ಲ ಬಿಡಿ.”

ಡೆಂಟಿಸ್ಟ್ ಸಂತಾಪ ಸೂಚಕವಾಗಿ ತಲೆಯಾಡಿಸಿದ. ಒಳಗಿನ ಖುಷಿ ಅವನ ಕಿವಿಗಳಲ್ಲಿ ಕಾಣುತ್ತಿತ್ತು.

ಆದರೆ ಮಾಸ್ಟರ್ ಎದ್ದು ನಿಂತು ಟೇಪನ್ನು ಕೊರಳಿಂದ ಇಳಿಸಿದರು. “ಗಿರಾಕಿ ಬಾಯಲ್ಲಿ ಹೇಳಿದ ಅಳತೆ ನಂಬಿ ನಾನು ಇವತ್ತಿನವರೆಗೆ ಒಂದು ಕೋಟೂ ಕತ್ತರಿಸಿಲ್ಲ. ಮೈ ಮುಟ್ಟಿ ನೋಡಬೇಕು.”

ಜೇಬಿನಿಂದ ದಾರ ತೆಗೆದು ತುದಿಗೆ ಕೋಟಿನ ಗುಂಡಿ ಕಟ್ಟಿದರು. ಕಾರಿನ ಎಡ ಮಗ್ಗುಲಲ್ಲಿ ಇಳಿಬಿಟ್ಟು ನೆಲಕ್ಕೆ ಸೀಮೆಸುಣ್ಣದ ಗುರುತು. ಬಲ ಮಗ್ಗುಲಲ್ಲಿ ಇಳಿಬಿಟ್ಟು ಇನ್ನೊಂದು. ಕಾರನ್ನು ಪಕ್ಕಕ್ಕೆ ಸರಿಸಿ, ಮೊಣಕಾಲೂರಿ, ಗುರುತಿನಿಂದ ಗುರುತಿಗೆ ಟೇಪು ಹಿಡಿದರು. ಶೋರೂಮಿನವರೆಲ್ಲ ಸುತ್ತ ಸೇರಿದ್ದರು. ಆ ಕಾರಿಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಎಪ್ಪತ್ತು ಎಂದಿತು ಟೇಪು. ಮಾಸ್ಟರ್ ಎರಡು ಕಳೆದರು.

“ಅರವತ್ತೆಂಟು! ಆ ಕಡೆ ಒಂದಿಂಚು, ಈ ಕಡೆ ಒಂದಿಂಚು. ಅಂಟಿದ ಹಾಗೆ ಫಿಟ್ಟಿಂಗ್!”

“ಪುಸ್ತಕದಲ್ಲಿ ಎಪ್ಪತ್ತು ಅಂತಿದೆಯಲ್ರೀ” ಎಂದರು ಟೀಚರಮ್ಮ.

“ಪಕ್ಕದ ಕನ್ನಡಿ ಸೇರಿಸಿ ಬರೆದಿರಬಹುದು ಮೇಡಂ” ಎಂದಳು ಹುಡುಗಿ, ಮಾಸ್ಟರ್ ಮುಖದ ಸಂತೋಷವನ್ನು ಕೆಡಿಸಲಾರದೆ. ಟೀಚರಮ್ಮನ ಬಲಗೈ ಸೀಮೆಸುಣ್ಣ ಹುಡುಕಿತು. ಆದರೆ ಅವರಿಗೂ ಮನಸ್ಸಾಗಲಿಲ್ಲ. ಮಾಸ್ಟರ್ ಸಹಿ ಹಾಕಿ ಕೀಲಿಕೈ ತೆಗೆದುಕೊಂಡರು.

ಮೂರೂವರೆಗೆ ಹೊರಟರು. ಮನೆ ಏಳೇ ಕಿಲೋಮೀಟರ್. ಕಾರು ಓಡಿಸುವುದು ಮಾಸ್ಟರ್‌ಗೆ ಬರುತ್ತಿತ್ತು. ಭಾವನ ಹಳೆಯ ಕಾರಿನಲ್ಲಿ ಕಲಿತದ್ದು. ಆದರೆ ಆ ಕಾರು ಒಂದು ಮೈಲಿ ದೂರದಿಂದಲೇ ಕೆಮ್ಮಿ ಜನರನ್ನು ಎಬ್ಬಿಸುತ್ತಿತ್ತು. ಇದಕ್ಕೆ ಸದ್ದೇ ಇಲ್ಲ. ಮಾರುಕಟ್ಟೆ ಬೀದಿಯಲ್ಲಿ ಇಬ್ಬರು ಮುದುಕರು ಕೈಕೈ ಹಿಡಿದು ಮಾತಾಡುತ್ತಾ ರಸ್ತೆಯ ಮಧ್ಯೆ ನಡೆಯುತ್ತಿದ್ದರು. ಹಾರ್ನ್ ಹೊಡೆದರೆ ಬೆಚ್ಚಿಬಿದ್ದಾರು ಎಂದು ಮಾಸ್ಟರ್ ಹೊಡೆಯಲಿಲ್ಲ. ಹದಿನೈದು ನಿಮಿಷ ಅವರ ಹಿಂದೆ ಮೆರವಣಿಗೆಯಂತೆ ಹೋದರು. ಕೊನೆಗೆ ಟೀಚರಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅಣ್ಣಾ, ನಿಮ್ಮ ತಮ್ಮನ ಮನೆ ಪಾಲಿನ ವಿಷಯ ನಮಗೂ ಪೂರ್ತಿ ಗೊತ್ತಾಯ್ತು. ಇನ್ನು ಸ್ವಲ್ಪ ದಾರಿ ಬಿಡ್ತೀರಾ?” ಎಂದರು.

ಸಿಗ್ನಲ್ಲಿನಲ್ಲಿ ನಿಂತರೆ ಸ್ಕೂಟರಿನವರು ಗಾಜು ತಟ್ಟುವರು. “ಎಷ್ಟು ಹೋಗುತ್ತೆ ಸಾರ್?”

“ಮುನ್ನೂರು.”

“ಈಗೆಷ್ಟು ಹೋಗಿದೀರಾ?”

“ಎರಡು.”

ಐದು ಗಂಟೆಗೆ ಪಕ್ಕದಲ್ಲಿ ಒಂದು ಬಸ್ಸು ಬಂದು ನಿಂತಿತು. ಮಾಸ್ಟರ್ ತಲೆ ಎತ್ತಿದರೆ ಬಸ್ಸಿನ ಗಾಜಿನಾಚೆ ಹೆಂಡತಿ! ಸರಳಿಗೆ ಜೋತುಬಿದ್ದಿದ್ದಾಳೆ, ಭಾರವನ್ನೆಲ್ಲ ಎಡಗಾಲಿಗೆ ಹಾಕಿ. “ರೀ ಟೀಚರ್, ಅಲ್ಲಿ ನೋಡಿ, ಇವಳು!” ಮೂವರೂ ಗಾಜು ಬಡಿದರು, ಕೈ ಬೀಸಿದರು, ಕೂಗಿದರು. ಬಸ್ಸಿನಲ್ಲಿದ್ದವರೆಲ್ಲ ನೋಡಿದರು, ಆಕೆಯೊಬ್ಬಳನ್ನು ಬಿಟ್ಟು. ಸಿಗ್ನಲ್ ಬಿಟ್ಟಿತು, ಬಸ್ಸು ಮುಂದೆ ಹೋಯಿತು. ಮಾಸ್ಟರ್ ಪಕ್ಕದ ಸೀಟಿನ ಕಡೆ ನೋಡಿದರು. ಅದರಲ್ಲಿ ಡೆಂಟಿಸ್ಟ್ ಕಾಲು ಚಾಚಿ ಕೂತಿದ್ದ. ಅವನು ಮೆಲ್ಲಗೆ ಕಾಲು ಒಳಗೆ ಎಳೆದುಕೊಂಡ. ಆಮೇಲೆ ಏನನ್ನಿಸಿತೋ, ಕಿಟಕಿ ಇಳಿಸಿ, “ಜರುಗ್ರೀ, ಜರುಗ್ರೀ! ಡಾಕ್ಟ್ರು ಇದೀನಿ, ಅರ್ಜೆಂಟಿದೆ!” ಎಂದು ಕೂಗಲು ಶುರುಮಾಡಿದ. ಹಲ್ಲಿನ ಡಾಕ್ಟರೆಂದು ಯಾರಿಗೆ ಗೊತ್ತು, ಜನ ದಾರಿ ಬಿಟ್ಟರು.

ಆರಕ್ಕೆ ಹತ್ತು ನಿಮಿಷವಿದ್ದಾಗ ನೆಲಮಾಳಿಗೆಗೆ ಇಳಿದರು. ಟೀಚರಮ್ಮ, ಡೆಂಟಿಸ್ಟ್ ಕಾರಿನಿಂದ ಇಳಿದುಕೊಂಡರು. ಕನ್ನಡಿಗಳನ್ನು ಮಡಿಸಿ, ಮಾಸ್ಟರ್ ಸೂಜಿಗೆ ದಾರ ಪೋಣಿಸುವ ಹಾಗೆ ನಾಲಿಗೆಯ ತುದಿ ಕಚ್ಚಿಕೊಂಡು ಕಂಬಗಳ ನಡುವೆ ಕಾರು ಬಿಟ್ಟರು. ಮೂತಿ ಹೋಯಿತು. ದೀಪಗಳು ಹೋದವು. ಮುಂದಿನ ಚಕ್ರಗಳೂ ಹೋದವು.

ಆಮೇಲೆ ‘ಕ್ರ್ರ್’ ಎಂದಿತು.

ಮುಂದಕ್ಕೆ ಒತ್ತಿದರೆ ಹೋಗದು. ಹಿಂದಕ್ಕೆ ತೆಗೆದರೆ ಬಾರದು. ಕಾಜಕ್ಕೆ ದೊಡ್ಡದಾದ ಗುಂಡಿಯಂತೆ ಕಾರು ಅಲ್ಲೇ ಕೂತುಬಿಟ್ಟಿತು. ಎಡ ಬಾಗಿಲಿಗೆ ಎಡ ಕಂಬ, ಬಲ ಬಾಗಿಲಿಗೆ ಬಲ ಕಂಬ. ಮಾಸ್ಟರ್ ಒಳಗೆ.

“ಓರೆಯಾಗಿ ಬೆಳೆದ ದವಡೆ ಹಲ್ಲು!” ಎಂದ ಡೆಂಟಿಸ್ಟ್. ಇಡೀ ಕಟ್ಟಡ ಕೆಳಗಿಳಿದು ಬಂತು. ಸೋಪಿನ ನೀರು ಬಿಡಿ ಎಂದರೊಬ್ಬರು. ಗಾಳಿ ತೆಗೀರಿ ಎಂದರೊಬ್ಬರು. “ಗಾಳಿ ತೆಗೆದ್ರೆ ಎತ್ತರ ಕಮ್ಮಿಯಾಗುತ್ತೆ, ಅಗಲ ಅಲ್ಲ!” ಎಂದು ಟೀಚರಮ್ಮ ಗದರಿದರು. ಒಂದನೇ ಮಹಡಿಯ ಅಜ್ಜಿ ಹಿಂದಿನ ಗಾಜಿನ ಹತ್ತಿರ ಬಂದು, “ಉಸಿರಾಡೋಕೆ ಆಗ್ತಿದೆಯೇನಪ್ಪಾ?” ಎಂದು ಕೇಳಿದರು. ಅಷ್ಟೊಂದು ಜನರಲ್ಲಿ ಅದನ್ನು ಕೇಳಿದವರು ಅವರೊಬ್ಬರೇ.

“ಆರಕ್ಕೆ ಇನ್ನು ಮೂರು ನಿಮಿಷ” ಎಂದರು ಟೀಚರಮ್ಮ. “ಚಾರ್ಜರ್ ಸಿಕ್ಕಿಸಿರಬೇಕು ಅಂತ ಚೀಟಿಯಲ್ಲಿದೆ. ಪೆಟ್ಟಿಗೆ ಆ ಕಡೆ ಇದೆ!”

ಎಲ್ಲರೂ ಡೆಂಟಿಸ್ಟ್ ಕಡೆ ನೋಡಿದರು. ಕಟ್ಟಡದಲ್ಲಿ ಅವನಷ್ಟು ತೆಳ್ಳಗಿನವರು ಯಾರೂ ಇರಲಿಲ್ಲ. ಆ ಜಾಗ ಬೇಕಾಗಿದ್ದವರೂ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವನು ಒಂದು ಕ್ಷಣ ನಿಂತ. ಬಸ್ಸಿನ ಗಾಜು ನೆನಪಾಗಿರಬೇಕು. ಬೂಟು ಬಿಚ್ಚಿದ, ಕಾರಿನ ಮೇಲೆ ಹತ್ತಿ ಹೊಟ್ಟೆಯ ಮೇಲೆ ತೆವಳಿ ಆಚೆ ಜಾರಿದ. “ಸುಮ್ನಿರಿ, ತೆರೆದ ಬಾಯಿಗೆ ಏನಾದ್ರೂ ತುರುಕೋದು ನನಗೆ ದಿನದ ಕೆಲಸ” ಎಂಬ ಮಾತು ಕೇಳಿಸಿತು. ಪೆಟ್ಟಿಗೆಯ ದೀಪ ಹಸಿರಾಯಿತು. ಆರು ಬಡಿಯಿತು.

ಅಷ್ಟರಲ್ಲಿ ಹೆಂಡತಿ ಬಂದಳು. ನೋಡಿದಳು. ಹಿಂದಿನ ಡಿಕ್ಕಿ ಬಾಗಿಲೆತ್ತಿ, ಒಳಗೆ ತೂರಿ, ಸೀಟುಗಳ ಮೇಲೆ ಒಂದೊಂದೇ ಕಾಲಿಟ್ಟು ದಾಟಿ, ಮುಂದೆ ಗಂಡನ ಪಕ್ಕದಲ್ಲಿ ಕೂತಳು. ಕಾಲು ಚಾಚಿದಳು. ಇನ್ನೂ ಚಾಚಿದಳು.

“ಅಬ್ಬಾ” ಎಂದಳು. “ಎಷ್ಟು ಚೆನ್ನಾಗಿದೆ ರೀ.”

ಮಾಸ್ಟರ್ ಸ್ಟೀರಿಂಗ್ ಸವರಿದರು. “ಚೆನ್ನಾಗಿದೆ ಕಣೇ. ಆದ್ರೆ ಸಿಕ್ಕಿಹಾಕ್ಕೊಂಡಿದೆ. ಹೇಗೆ ಅಂತ ಗೊತ್ತಾಗ್ತಿಲ್ಲ. ಕಂಬ ಎಪ್ಪತ್ತು, ಕಾರು ಅರವತ್ತೆಂಟು. ನಾನೇ ಅಳೆದದ್ದು!”

“ಯಾವಾಗ ಅಳೆದ್ರಿ?”

“ಕಂಬ ನಿನ್ನೆ, ಕಾರು ಇವತ್ತು. ಎರಡೂ ಇದೇ ಟೇಪಲ್ಲಿ.”

ಹೆಂಡತಿಯ ಕೈ ಮೆಲ್ಲಗೆ ಬಾಯಿಗೆ ಹೋಯಿತು. “ರೀ... ಎರಡು ಕಳೆದ್ರಾ?”

“ಕಳೀದೇ ಇರ್ತೀನಾ?”

ಆಕೆ ಅವರ ಕೊರಳಿನಿಂದ ಟೇಪು ತೆಗೆದು, ತುದಿಯನ್ನು ಅವರ ಕಣ್ಣ ಮುಂದೆ ಹಿಡಿದಳು. ಅಲ್ಲಿ ‘ಒಂದು’ ಇತ್ತು. ಅದರ ಪಕ್ಕ ‘ಎರಡು’. “ಬೆಳಗ್ಗೆ ನೀವು ಸ್ನಾನಕ್ಕೆ ಹೋದಾಗ ಗುಂಡಿ ಡಬ್ಬಿಯಿಂದ ಆ ತುಂಡು ತೆಗೆದು ಅಂಟಿಸಿದೆ ಕಣ್ರೀ. ಲೈಬ್ರರಿ ಅಂಟು ಹಾಕಿ, ಹಿಂದೆ ಬಟ್ಟೆ ಕೊಟ್ಟು, ಇಸ್ತ್ರಿ ಮಾಡಿ. ನೀವು ಕಾರು ತರೋ ದಿನ ನಾನೂ ನಿಮಗೇನಾದ್ರೂ ಕೊಡೋಣ ಅಂತ. ಕೈಗೆ ತಗೊಂಡ ಕೂಡಲೇ ಗೊತ್ತಾಗುತ್ತೆ ಅಂದ್ಕೊಂಡೆ.”

“ನೀನು ಅಂಟಿಸಿದ್ದು ಯಾರಿಗೆ ಗೊತ್ತಾಗಿದೆ ಇಲ್ಲೀವರೆಗೆ?” ಎಂದರು ಮಾಸ್ಟರ್. ಬೆಸುಗೆಯ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ನೂಲಿನಷ್ಟೂ ಸಿಗಲಿಲ್ಲ. “ಗುರುಗಳೇ ಕೊಟ್ಟ ಹಾಗಿದೆ” ಎಂದರು. ಇಬ್ಬರಿಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು.

ಹೊರಗೆ ಜನ ದಾರಿ ಬಿಟ್ಟರು. ಕಾರ್ಯದರ್ಶಿ ಬಂದರು, ಕೈಯಲ್ಲಿ ಅರ್ಧ ಮುಗಿದ ಬಿಸ್ಕತ್ತಿನ ಪೊಟ್ಟಣ. ಕಂಬ ನೋಡಿದರು. ಹಸಿರು ದೀಪ ನೋಡಿದರು. ಕಾರಿನ ಮೇಲೆ ಕಾಲುಚೀಲದಲ್ಲಿ ಕೂತಿದ್ದ ಡೆಂಟಿಸ್ಟ್‌ನನ್ನು ನೋಡಿದರು.

“ಅರ್ಧ ಒಳಗೆ ಇದೆ, ಅರ್ಧ ಹೊರಗೆ” ಎಂದರು ಕಾರ್ಯದರ್ಶಿ ಗಂಭೀರವಾಗಿ. “ನಿಯಮದ ಪ್ರಕಾರ ಇದು...” ಎನ್ನುತ್ತಾ ಡಿಕ್ಕಿಯಿಂದ ಒಳಗೆ ಬಗ್ಗಿದರು. ಮಾಸ್ಟರ್ ಮುಖ, ಹೆಂಡತಿಯ ಚಾಚಿದ ಕಾಲು ಕಂಡವು. ಅವರ ಗಂಭೀರ ಮುಖ ಕರಗಿತು. “ನಿಯಮದ ಪ್ರಕಾರ ಇದು ಒಳಗೇ ಇದೆ. ಜಾಗ ನಿಮ್ಮದು ಮಾಸ್ಟರ್.”

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಡೆಂಟಿಸ್ಟ್.

“ನಾಳೆಯೇ ಗಾರೆಯವರನ್ನು ಕರೆಸಿ ಕಂಬಗಳನ್ನು ಒಂದೊಂದಿಂಚು ಕೆತ್ತಿಸ್ತೀನಿ” ಎಂದರು ಕಾರ್ಯದರ್ಶಿ, ಇನ್ನೊಂದು ಬಿಸ್ಕತ್ತು ಬಾಯಿಗೆ ಹಾಕಿಕೊಳ್ಳುತ್ತಾ. “ನನ್ನ ಕೈಲೇ ಎರಡಿಂಚು ಇಳಿಸೋಕೆ ಆಗಿದೆ, ಕಂಬದ ಕೈಲಿ ಆಗಲ್ವಾ? ಬೆಳಗ್ಗೆ ನೀವು ಹೇಳಿದ ಆ ಮಾತಿಗೆ ನಾನು ಇಡೀ ಕಟ್ಟಡವನ್ನೇ ಬರೆದುಕೊಡ್ತಿದ್ದೆ. ಅಂದ ಹಾಗೆ, ಬಟ್ಟೆ ಕತ್ತರಿಸಿ ಆಯ್ತಾ?”

ಮಾಸ್ಟರ್ ನಗು ಅರ್ಧಕ್ಕೆ ನಿಂತಿತು. ಅವರು ಹೆಂಡತಿಯ ಕೈಯಲ್ಲಿದ್ದ ಟೇಪು ನೋಡಿದರು. ಕಾರ್ಯದರ್ಶಿಯ ಹೊಟ್ಟೆ ನೋಡಿದರು. ಅದು ಹೋದ ವರ್ಷ ಎಲ್ಲಿತ್ತೋ ಅಲ್ಲೇ ಇತ್ತು. ಕೇಕು, ಬಿಸ್ಕತ್ತು ಬೇರೆ ಸೇರಿತ್ತು. ಅಂಗಡಿಯ ಮೇಜಿನ ಮೇಲೆ ಒಪ್ಪವಾಗಿ ಮಡಿಸಿಟ್ಟ, ಈಗ ಯಾರೂ ನೇಯದ ಆ ಉಣ್ಣೆಯ ತುಂಡುಗಳು ಕಣ್ಣ ಮುಂದೆ ಸಾಲಾಗಿ ಬಂದವು.

“ಆಯ್ತು ಸಾರ್” ಎಂದರು ಸಣ್ಣ ದನಿಯಲ್ಲಿ. “ಬೆಳಗ್ಗೆಯೇ.”

“ಭೇಷ್! ಭಾನುವಾರ ಆ ಕೋಟು ಹಾಕ್ಕೊಂಡು ಇದೇ ಕಾರಲ್ಲಿ ಹೋಗೋಣ. ಈಗ ಬನ್ನಿ, ಬನ್ನಿ, ಡಿಕ್ಕಿಯಿಂದಲೇ ಇಳಿದು ಬನ್ನಿ. ಕೈ ಕೊಡ್ತೀನಿ.”

“ಪರವಾಗಿಲ್ಲ ಸಾರ್, ನೀವು ಹೊರಡಿ” ಎಂದರು ಮಾಸ್ಟರ್. ಆಮೇಲೆ ಹೆಂಡತಿಯ ಕಡೆ ವಾಲಿ, ತುಟಿ ಅಲುಗದಂತೆ ಪಿಸುಗುಟ್ಟಿದರು: “ಹೋಗಿ ಆ ಹಿಂದಿನ ಬಾಗಿಲು ಹಾಕಿ ಬಾರೇ. ಭಾನುವಾರ ಕಳೆಯೋವರೆಗೆ ನಾನು ಇಲ್ಲೇ ಇರ್ತೀನಿ.”